ಉದುರಿದ ರೆಕ್ಕೆಗಳು

ಬಣ್ಣ ಅಳಿಸಿದ ಮೇಲೆ ನಟಿಯೊಬ್ಬಳ ದುಡಿಮೆಯಲ್ಲಿ ಉಳಿಯುವುದೇನು? ಕವಿಗೆ ಪುಸ್ತಕವಿದೆ, ಚಿತ್ರಕಾರನಿಗೆ ಪಟವಿದೆ. ಅಭಿನಯ ಮಾತ್ರ ಪರದೆ ಬಿದ್ದೊಡನೆ ಮುಗಿಯಿತು. ತರಗತಿಯಲ್ಲಿ ದೊರೆಗಳ, ಕದನಗಳ ಇಸವಿಗಳನ್ನು ಒಪ್ಪಿಸಿಕೊಳ್ಳುತ್ತಲೇ ಇಷ್ಟು ವರ್ಷ ಕಳೆದ ನನಗೆ, ಇಂಗ್ಲೆಂಡಿನ ಎಲನ್ ಟೆರಿಯ ಒಂದು ಉಡುಪಿನ ಕಥೆ ತಿಳಿದಾಗ, ಇದೂ ಚರಿತ್ರೆಯೇ ಅಲ್ಲವೆ ಎನ್ನಿಸಿತು.

ಎಲನ್ ಹುಟ್ಟಿದ್ದು 1847ರಲ್ಲಿ, ಊರೂರು ಸುತ್ತುವ ನಟರ ಮನೆಯಲ್ಲಿ. ಒಂಬತ್ತನೆಯ ವಯಸ್ಸಿಗೇ ಲಂಡನ್ನಿನ ರಂಗದ ಮೇಲೆ ಷೇಕ್ಸ್‌ಪಿಯರನ ಪುಟ್ಟ ರಾಜಕುಮಾರನಾಗಿ ನಿಂತಳು. ಹದಿನೇಳು ತುಂಬುವ ಮೊದಲೇ, ತನಗಿಂತ ಮೂವತ್ತು ವರ್ಷ ಹಿರಿಯನಾದ ಚಿತ್ರಕಾರ ವಾಟ್ಸ್‌ನೊಡನೆ ಮದುವೆಯಾಯಿತು, ವರ್ಷದೊಳಗೆ ಮುರಿಯಿತು. ಮುಂದೆ ವಾಸ್ತುಶಿಲ್ಪಿ ಗಾಡ್ವಿನ್‌ನೊಡನೆ ಮದುವೆಯಿಲ್ಲದೆಯೇ ಸಂಸಾರ ಹೂಡಿದಳು, ರಂಗ ಬಿಟ್ಟಳು, ಎಡಿತ್, ಎಡ್ವರ್ಡ್ ಎಂಬ ಇಬ್ಬರು ಮಕ್ಕಳ ತಾಯಿಯಾದಳು. ವಿಕ್ಟೋರಿಯಾ ರಾಣಿಯ ಕಾಲದ ಸಮಾಜ ಅಂಥವಳನ್ನು ಹೇಗೆ ಕಂಡಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಹಣದ ಮುಗ್ಗಟ್ಟು ಹೆಚ್ಚಿದಾಗ, 1874ರಲ್ಲಿ ಆಕೆ ಮತ್ತೆ ಬಣ್ಣ ಹಚ್ಚಿದಳು. 1878ರಲ್ಲಿ ಹೆನ್ರಿ ಇರ್ವಿಂಗ್ ತನ್ನ ಲೈಸಿಯಂ ರಂಗಮಂದಿರಕ್ಕೆ ಕರೆದ. ಅಲ್ಲಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಆಕೆಯೇ ಅಲ್ಲಿನ ನಾಯಕಿ.

ನಾನು ಹೇಳಹೊರಟ ಉಡುಪು 1888ರ 'ಮ್ಯಾಕ್‌ಬೆತ್' ನಾಟಕದ್ದು. ಅದನ್ನು ಕಲ್ಪಿಸಿದವಳು ಆಲಿಸ್ ಕಾಮಿನ್ಸ್ ಕಾರ್, ಮಾಡಿಕೊಟ್ಟವಳು ಏಡಾ ನೆಟಲ್‌ಷಿಪ್. ಹಸಿರು ನೂಲಿಗೆ ನೀಲಿ ಮಿಂಚಿನೆಳೆ ಸೇರಿಸಿ ಕ್ರೋಶಾ ಹೆಣೆದು, ಅದರ ಮೇಲೆ ಜೀರುಂಡೆಗಳ ಹಸಿರು ಹೊಳಪಿನ ಸುಮಾರು ಒಂದು ಸಾವಿರ ಗಟ್ಟಿ ರೆಕ್ಕೆಗಳನ್ನು ಹೊಲಿದಿದ್ದರು. ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆ ನೆನಪಿದೆಯೆ? ಆ ಬಗೆಯದೇ ಹುಳು. ಇಂಥ ರೆಕ್ಕೆ ಹೊಲಿದ ಬಟ್ಟೆಗಳು ಆಗ ನಮ್ಮ ದೇಶದಿಂದಲೇ ವಿಲಾಯತಿಗೆ ಹೋಗುತ್ತಿದ್ದವು. ರಂಗದ ದೀಪದಲ್ಲಿ ರಾಣಿಯ ಮೈ ಹಾವಿನ ಹಾಗೆ ಮಿನುಗಿತು. ಚಿತ್ರಕಾರ ಸಾರ್ಜೆಂಟ್ ಅದೇ ಉಡುಪಿನಲ್ಲಿ ಆಕೆಯನ್ನು ಚಿತ್ರಿಸಿದ. ಆ ಪಟ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.

ಇರ್ವಿಂಗ್‌ಗೆ 1895ರಲ್ಲೇ 'ಸರ್' ಪದವಿ ಬಂತು. ನಟನೊಬ್ಬನಿಗೆ ಅಂಥ ಗೌರವ ಅದೇ ಮೊದಲು. 1905ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಸಿಕ್ಕಿತು. ಆದರೆ ಆತ ಕೂಡಿಟ್ಟ ಪಟಗಳು, ರಂಗದ ಸಾಮಾನುಗಳು ಅದೇ ವರ್ಷ ಹರಾಜಿನಲ್ಲಿ ಹಂಚಿಹೋದವು. ಎಲನ್‌ಗೆ 'ಡೇಮ್' ಪದವಿ ಬಂದದ್ದು 1925ರಲ್ಲಿ. ಮೂರು ವರ್ಷಕ್ಕೆ, ಕೆಂಟ್ ಪ್ರಾಂತದ ಸ್ಮಾಲ್‌ಹೈತ್‌ನ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದಳು.

ಆ ಮನೆಯ ಸಾಮಾನು ಹರಾಜಾಗಲಿಲ್ಲ. ಮಗಳು ಎಡಿತ್ ಬಿಡಲಿಲ್ಲ. ಆಕೆ ಸ್ವತಃ ನಾಟಕದ ಉಡುಪು ಮಾಡಿಸಿ, ನಾಟಕ ಆಡಿಸಿ, ಹೆಂಗಸರ ಮತದಾನದ ಹಕ್ಕಿಗಾಗಿ ದುಡಿದವಳು. ತಾಯಿಯ ಉಡುಪು, ಪತ್ರ, ಅಲಂಕಾರದ ಸಾಮಾನುಗಳನ್ನೆಲ್ಲ ಕಾಪಾಡಿ, 1929ರಲ್ಲಿ ಮನೆಯನ್ನೇ ಸ್ಮಾರಕ ಮಾಡಿದಳು. ಪಕ್ಕದ ಕಣಜವನ್ನು ರಂಗಮಂದಿರ ಮಾಡಿದಳು. 1939ರಲ್ಲಿ ಎಲ್ಲವನ್ನೂ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದಳು. ಮದುವೆಯಿಲ್ಲದೆ ಹುಟ್ಟಿದ ಮಗಳೆಂದು ಲೋಕ ಯಾರನ್ನು ಬೆರಳುಮಾಡಿ ತೋರಿಸುತ್ತಿತ್ತೋ, ತಾಯಿಯ ಹೆಸರನ್ನು ಉಳಿಸಿದವಳು ಅವಳೇ.

ಊರೂರು ತಿರುಗಿ, ಹಲವು ಬಾರಿ ತೇಪೆಯಾಗಿದ್ದ ಆ ಉಡುಪನ್ನು 2006ರಿಂದ 2011ರವರೆಗೆ ರಿಪೇರಿ ಮಾಡಿದರು. ಸುಮಾರು 1,300 ಗಂಟೆಗಳ ಕೆಲಸ. ಉದುರಿದ ರೆಕ್ಕೆಗಳನ್ನು ಹಿಂದಿನವರು ಗುಡಿಸಿ ಎಸೆದಿರಲಿಲ್ಲ, ಎತ್ತಿಟ್ಟಿದ್ದರು. ಅವನ್ನೇ ಮತ್ತೆ ಹೊಲಿದರು. ಮುರಿದಿದ್ದ ನೂರರಷ್ಟು ರೆಕ್ಕೆಗಳಿಗೆ ತೆಳು ಜಪಾನಿ ಕಾಗದವನ್ನು ಗಂಜಿಯ ಅಂಟಿನಿಂದ ಮೆತ್ತಿದರು.

ಮನೆ ಚೊಕ್ಕಟ ಮಾಡುವಾಗ ಯಾವುದು ಕಸ, ಯಾವುದು ಒಡವೆ ಎಂದು ತೀರ್ಮಾನಿಸುವ ಕೈ ಹೆಚ್ಚಾಗಿ ಹೆಂಗಸಿನದೇ. ಬಾಗಿಲ ಬಳಿ ಬಿದ್ದಿದ್ದ ಹುಳುವಿನ ರೆಕ್ಕೆಯೊಂದನ್ನು ಬಗ್ಗಿ ಎತ್ತಿ ಡಬ್ಬಿಗೆ ಹಾಕಿದ ಕೈಗಳನ್ನು ಯಾವ ಪಠ್ಯಪುಸ್ತಕವೂ ಹೆಸರಿಸುವುದಿಲ್ಲ. ಆದರೆ ಆ ಡಬ್ಬಿ ಇಲ್ಲದಿದ್ದರೆ ಉಡುಪಿಗೆ ಹಳೆಯ ಹೊಳಪು ಬರುತ್ತಿರಲಿಲ್ಲ.