ತೊಳೆದರೆ ಬಿಡುವ ಅಂಟು: ಬಳ್ಳಾರಿ ಸೀಮೆಯ ಕಂಬಳಿ ಮತ್ತು ಕೌದಿ

ಬಟ್ಟೆಯ ಮೇಲೆ ಬಟ್ಟೆಯನ್ನಿಟ್ಟು ಹೊಲಿಯುವ ಕಸುಬಿನ ಮೊದಲ ಕಷ್ಟವೆಂದರೆ, ಹೊಲಿಗೆ ಮುಗಿಯುವವರೆಗೆ ಪದರಗಳನ್ನು ಜಾರದಂತೆ, ಸುಕ್ಕುಗಟ್ಟದಂತೆ ಹಿಡಿದಿಡುವುದು. ಮೇಲುಹಾಸು, ನಡುವಿನ ಹತ್ತಿ, ಅಡಿಹಾಸು ಎಂಬ ಮೂರು ಪದರಗಳ ಹೊದಿಕೆ ಹೊಲಿಯುವ ಅಮೆರಿಕದವರು ಇದಕ್ಕಾಗಿ ಆಮೇಲೆ ಬಿಚ್ಚಿ ತೆಗೆಯುವ ಕಚ್ಚಾ ಹೊಲಿಗೆಯನ್ನೂ ಗುಂಡುಸೂಜಿಗಳನ್ನೂ ಬಳಸುತ್ತ ಬಂದರು. ಈಚೆಗೆ ಅವರಲ್ಲಿ ಹಲವರು ಶಾಲಾ ಮಕ್ಕಳು ಬಳಸುವ ಬಿಳಿ ಅಂಟನ್ನು ತೆಳುವಾಗಿ ಸವರಿ, ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಒಣಗಿಸಿ, ಹೊಲಿಗೆಯಾದ ಮೇಲೆ ನೀರಿನಲ್ಲಿ ತೊಳೆದು ತೆಗೆಯುವ ಕ್ರಮವನ್ನು ಹಿಡಿದಿದ್ದಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ಈ ತಾತ್ಕಾಲಿಕ ಹಿಡಿತದ ಜ್ಞಾನ ಎರಡು ದಾರಿಗಳಲ್ಲಿ ಬೆಳೆಯಿತು: ಮಗ್ಗದವರು ತೊಳೆದರೆ ಬಿಡುವ ಅಂಟನ್ನು ನೆಚ್ಚಿದರು, ಕೌದಿ ಹೊಲಿಯುವವರು ಅಂಟನ್ನೂ ಗುಂಡುಸೂಜಿಯನ್ನೂ ಬಿಟ್ಟು ಹೊಲಿಗೆಯ ಕ್ರಮವನ್ನೇ ನೆಚ್ಚಿದರು.

ಈ ಎರಡೂ ದಾರಿಗಳಿಗೆ ಬೇಕಾದ ಸಾಮಗ್ರಿ ನೆಲದಲ್ಲಿಯೇ ಇತ್ತು. ಎರೆ ಭೂಮಿ, ಅಂದರೆ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ಮಣ್ಣಿನ ಹೊಲ, ಹತ್ತಿಗೆ ಒಗ್ಗುವಂಥದು. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮುಂದೆ ಮದ್ರಾಸ್ ಪ್ರಾಂತಕ್ಕೆ ಒಳಪಟ್ಟು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೂ ಬಳ್ಳಾರಿ ಸೀಮೆ ಹತ್ತಿಯ ಸೀಮೆಯೆಂದೇ ಹೆಸರಾಗಿತ್ತು. ಸಿರುಗುಪ್ಪದ ಕಡೆ ವಿಜಯನಗರದ ಕಾಲದ ಕಾಲುವೆಗಳು ತುಂಗಭದ್ರೆಯ ನೀರನ್ನು ಗದ್ದೆಗಳಿಗೆ ಹರಿಸಿದ್ದರಿಂದ ಭತ್ತವೂ ಅದರಿಂದ ಗಂಜಿಯೂ ದೊರೆಯುತ್ತಿದ್ದವು. ಮಳೆ ಕಡಿಮೆಯಾದ ಬಯಲುಗಳಲ್ಲಿ ಕುರುಬರ ಕುರಿಹಿಂಡುಗಳೂ ಊರಂಚಿನಲ್ಲಿ ಹುಣಸೆಮರಗಳೂ ಇದ್ದವು.

ಅಂಟಿನ ಬಳಕೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಕಂಬಳಿಯ ನೇಯ್ಗೆಯಲ್ಲಿ. ಕುರಿಯ ಉಣ್ಣೆಯ ನೂಲು ಒರಟಾದುದು; ಅದರ ಮೈಮೇಲೆ ಎದ್ದು ನಿಂತ ಕೂದಲುಗಳು ಮಗ್ಗದ ಮೇಲೆ ಒಂದಕ್ಕೊಂದು ತೊಡಕಿಕೊಂಡು ಹಾಸುನೂಲು, ಎಂದರೆ ಬಟ್ಟೆಯ ಉದ್ದಕ್ಕೆ ಹಾಯುವ ಎಳೆ, ಹರಿದುಹೋಗುತ್ತದೆ. ಇದನ್ನು ತಡೆಯಲು ನೇಕಾರರು ಹುಣಸೆಬೀಜಗಳನ್ನು ಹುರಿದು, ಕೆಂಪು ಸಿಪ್ಪೆಯನ್ನು ಕಳೆದು, ಒಳಗಿನ ಬಿಳಿಯ ಬೇಳೆಯನ್ನು ಅರೆದು ನೀರಿನಲ್ಲಿ ಕುದಿಸಿ ಅಂಟು ಮಾಡುತ್ತಾರೆ. ಬಯಲಿನಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ ಹಾಸುನೂಲಿಗೆ ಕುಂಚದಿಂದ ಆ ಅಂಟನ್ನು ಬಳಿದು, ಎಳೆಗಳನ್ನು ಬಿಡಿಸುತ್ತ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹೊಸ ಕಂಬಳಿ ಬಿರುಸಾಗಿರುವುದು ಈ ಅಂಟಿನಿಂದ. ತೊಳೆದಂತೆಲ್ಲ ಅದು ನೀರಿನಲ್ಲಿ ಕರಗಿಹೋಗಿ ಉಣ್ಣೆ ಮೆತ್ತಗಾಗುತ್ತದೆ. ನೆರೆಯ ಚಳ್ಳಕೆರೆಯಂಥ ಊರುಗಳು ಹೆಸರಾದ ಕಂಬಳಿಯ ಕಸುಬು ನಿಂತಿರುವುದು ಈ ಬೀಜದ ಗುಣದ ಮೇಲೆ. ಕೈಮಗ್ಗದ ಹತ್ತಿನೂಲಿಗೆ ಅಕ್ಕಿಯ ಗಂಜಿ ಇದೇ ಕೆಲಸವನ್ನು ಮಾಡುತ್ತಿತ್ತು. 1940ರ ದಶಕದಲ್ಲಿ ಭಾರತದ ಗಿರಣಿಗಳು ಹುಣಸೆಬೀಜದ ಪುಡಿಯನ್ನು ನೂಲಿನ ಗಂಜಿಯಾಗಿ ಬಳಸತೊಡಗಿದಾಗ, ಹಳ್ಳಿಯ ನೇಕಾರರು ಬಹಳ ಮೊದಲೇ ಅರಿತಿದ್ದ ಗುಣವೇ ದೊಡ್ಡ ಪ್ರಮಾಣದಲ್ಲಿ ಉಪಯೋಗಕ್ಕೆ ಬಂದಿತು.

ಕೌದಿಯ ಕ್ರಮ ಇದಕ್ಕಿಂತ ಭಿನ್ನವಾದುದು. ಕೌದಿ ಎಂದರೆ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಹಾಸು ಮತ್ತು ಹೊದಿಕೆ. ಉತ್ತರ ಕರ್ನಾಟಕದಲ್ಲಿ ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಅದನ್ನು ಹೊಲಿಯುತ್ತಿದ್ದರು, ಗೊಂದಲಿಗರಂಥ ಸಮುದಾಯಗಳ ಹೆಂಗಸರು ಊರೂರು ತಿರುಗುತ್ತ ಕೂಲಿಗೆ ಹೊಲಿದುಕೊಡುತ್ತಿದ್ದರು. ನೆಲದ ಮೇಲೆ ಒಂದು ಸೀರೆಯನ್ನು ಬಿಡಿಸಿ ಹಾಸಿ, ಅದರ ಮೇಲೆ ತುಂಡುಗಳನ್ನು ಜೋಡಿಸಿ, ಅಂಚನ್ನು ಒಳಕ್ಕೆ ಮಡಚಿ, ಹೊಲಿಯುವವರು ಆ ಹಾಸಿನ ಮೇಲೆಯೇ ಕುಳಿತುಕೊಳ್ಳುತ್ತಾರೆ. ಮೈಯ ಭಾರ ಪದರಗಳನ್ನು ಅದುಮಿ ಹಿಡಿಯುತ್ತದೆ, ಎಡಗೈ ಬಟ್ಟೆಯನ್ನು ಸವರಿ ಸಾಪು ಮಾಡುತ್ತದೆ, ಬಲಗೈ ದಪ್ಪ ದಾರದ ಸಾಲು ಹೊಲಿಗೆಯನ್ನು ಅಂಚಿನ ಗುಂಟ ಹಾಕುತ್ತ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತದೆ. ಮೊದಲು ಬಿದ್ದ ಅಂಚಿನ ಹೊಲಿಗೆಯೇ ನಾಲ್ಕು ಕಡೆಯಿಂದ ಪದರಗಳನ್ನು ಕಟ್ಟಿಹಾಕುವುದರಿಂದ ಬೇರೆ ಹಿಡಿತದ ಅಗತ್ಯ ಬೀಳುವುದಿಲ್ಲ. ಪಾಶ್ಚಾತ್ಯ ಹೊದಿಕೆಗಳಲ್ಲಿ ಸಾಮಾನ್ಯವಾಗಿ ಹೊಲಿಗೆ ನಡುವಿನಿಂದ ಅಂಚಿಗೆ ಸಾಗುವುದರಿಂದ ಅಂಚುಗಳು ಕೊನೆಯವರೆಗೂ ಸಡಿಲವಾಗಿ ಉಳಿಯುತ್ತವೆ; ಕಚ್ಚಾ ಹೊಲಿಗೆ, ಗುಂಡುಸೂಜಿ ಅಥವಾ ಅಂಟು ಅಲ್ಲಿ ಅನಿವಾರ್ಯವಾಗುವುದು ಅದಕ್ಕಾಗಿಯೇ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಹೊದಿಕೆಯೂ ಮೂಲೆಯಿಂದ ಮೊದಲಾಗಿ, ಹೊಲಿಯುತ್ತಲೇ ತುಂಡುಗಳನ್ನು ಸೇರಿಸಿಕೊಳ್ಳುತ್ತ ನಡುವಿಗೆ ಬಂದು ಮುಗಿಯುತ್ತದೆ.

ಗಂಜಿಯೂ ಹುಣಸೆಯಂಟೂ ಕೈಗೆಟಕುವಂತಿದ್ದ ಸೀಮೆಯಲ್ಲಿ ಅವು ಕೌದಿಗೆ ಒಗ್ಗದಿರಲು ವಸ್ತುವಿನ ಗುಣದಲ್ಲಿಯೇ ಕಾರಣಗಳಿವೆ. ಒಂಟಿ ಎಳೆಗೆ ಬಳಿದ ಅಂಟು ಬಿಸಿಲಿಗೆ ಬೇಗ ಒಣಗುತ್ತದೆ. ಹಲವು ಪದರಗಳ ನಡುವೆ ಸಿಕ್ಕಿದ ಅಂಟು ಒಣಗದೆ ಬೂಸ್ಟು ಹಿಡಿಯುತ್ತದೆ, ಒಣಗಿದರೂ ಇಲಿ ಮತ್ತು ಹುಳುಗಳಿಗೆ ಆಹಾರವಾಗುತ್ತದೆ. ಅದನ್ನು ತೊಳೆದು ಪೂರ್ತಿ ತೆಗೆಯಬೇಕಾದರೆ ಹೊಸ ಕೌದಿಯನ್ನೇ ನೀರಿಗೆ ಹಾಕಬೇಕು. ನೆನೆದ ಕೌದಿಯನ್ನು ಎತ್ತಿ ಹಿಂಡುವುದು ಎಷ್ಟು ಕಷ್ಟವೆಂಬುದನ್ನು ಮಹಾನವಮಿಗೆ ಮುಂಚೆ ಮನೆಯ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುತ್ತಿದ್ದ ಹೆಂಗಸರು ಬಲ್ಲರು. ಅಂಟಿನ ಜ್ಞಾನವಿದ್ದೂ ಅದನ್ನು ಎಲ್ಲಿ ಬಳಸಬಾರದೆಂಬ ವಿವೇಕ ಇಲ್ಲಿದೆ.

ಬಳ್ಳಾರಿ ನಗರವಿಂದು ಜೀನ್ಸ್ ಹೊಲಿಗೆಗೆ ದೇಶದಲ್ಲಿ ಹೆಸರಾಗಿದೆ. ಅಲ್ಲಿಯೂ ಹಳೆಯ ಸೂತ್ರವೇ ನಡೆದಿದೆ. ಡೆನಿಮ್ ಬಟ್ಟೆಯ ಹಾಸುನೂಲಿಗೆ ಗಿರಣಿಯಲ್ಲಿ ಗಂಜಿ ಹಾಕಿರುತ್ತಾರೆ. ಹೊಲಿದ ಪ್ಯಾಂಟು ವಾಷಿಂಗ್ ಘಟಕಕ್ಕೆ ಬಂದಾಗ ಮೊದಲು ನಡೆಯುವ ಕೆಲಸ ಆ ಗಂಜಿಯನ್ನು ಅಮೈಲೇಸ್ ಎಂಬ ಕಿಣ್ವದ, ಎಂದರೆ ಪಿಷ್ಟವನ್ನು ಒಡೆಯುವ ಜೈವಿಕ ವಸ್ತುವಿನ ನೆರವಿನಿಂದ ಕರಗಿಸಿ ತೆಗೆಯುವುದು. ಹೀಗೆ ಕರಗಿದ ಗಂಜಿ ಬಣ್ಣದೊಂದಿಗೆ ಹೊರಬೀಳುವ ನೀರಿಗೆ ಸೇರುವುದರಿಂದ, ತೊಳೆದರೆ ಹೋಗುವ ಅಂಟು ತೊಳೆದ ಮೇಲೆ ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಬಳ್ಳಾರಿಯಂಥ ಊರು ಕಡೆಗಣಿಸುವಂತಿಲ್ಲ.

ಬಟ್ಟೆಯ ಚರಿತ್ರೆಯನ್ನು ಬರೆದವರ ಗಮನ ಬಹುಮಟ್ಟಿಗೆ ಮುಗಿದ ವಸ್ತುವಿನ ಮೇಲೆ ನಿಂತಿದೆ. ಇದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದದ್ದು ಹೆಮ್ಮೆಯ ವಿಷಯವೇ. ಆದರೆ ತೊಳೆದುಹೋದ ಅಂಟು, ಬಿಚ್ಚಿ ತೆಗೆದ ದಾರ, ಹಾಸಿನ ಮೇಲೆ ಕುಳಿತ ಮೈಯ ಭಾರ ಇವು ಸಿದ್ಧವಾದ ಬಟ್ಟೆಯಲ್ಲಿ ಗುರುತು ಉಳಿಸುವುದಿಲ್ಲವಾದ್ದರಿಂದ ಸಂಗ್ರಹಾಲಯದ ಕಪಾಟಿನಲ್ಲಿ ಕಾಣುವುದಿಲ್ಲ. ಹುಣಸೆಬೀಜವನ್ನು ಎಷ್ಟು ಹೊತ್ತು ಕುದಿಸಬೇಕು, ಕೌದಿಯ ಮೊದಲ ಸುತ್ತನ್ನು ಎಷ್ಟು ಬಿಗಿಯಾಗಿ ಎಳೆಯಬೇಕು ಎಂಬುದನ್ನು ಬಲ್ಲವರು ಇರುವಾಗಲೇ ಅದನ್ನು ಅವರ ಬಾಯಿಂದ ಕೇಳಿ ಬರೆದಿಡುವುದು ಈ ಸೀಮೆಯ ಚರಿತ್ರೆಕಾರರ ಮುಂದಿರುವ ಕರ್ತವ್ಯ. ಬಟ್ಟೆಯನ್ನು ಕಾಪಾಡಿ ಅದರ ಮಾಡುಗೆಯನ್ನು ಮರೆತರೆ, ಹರಿದ ಕೌದಿಗೆ ತೇಪೆ ಹಾಕುವವರೂ ಮುಂದೆ ದೊರೆಯುವುದಿಲ್ಲ.