ಬಜ್ಪೆಯಿಂದ ದುಬೈ ಎಷ್ಟು ದೂರ?

ಬಜ್ಪೆಯಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು 2,460 ಕಿಲೋಮೀಟರ್. ಹಾರಾಟ ಹೆಚ್ಚುಕಡಿಮೆ ಮೂರೂವರೆ ಗಂಟೆ. ಮೊಬೈಲಿನಲ್ಲಿ ಯಾರು ಬೇಕಾದರೂ ನೋಡಿಕೊಳ್ಳಬಹುದಾದ ಅಂಕಿಗಳಿವು. ಆದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳದವರ ಪಾಲಿಗೆ ಈ ದೂರ ಯಾವಾಗಲೂ ಇಷ್ಟೇ ಇರಲಿಲ್ಲ. ಅದನ್ನು ಕಡಿಮೆ ಮಾಡಿದ್ದು ವಿಮಾನದ ವೇಗಕ್ಕಿಂತ ಹೆಚ್ಚಾಗಿ ರನ್‌ವೇಯ ಉದ್ದ.

ಕರಾವಳಿಯವರ ದೂರಪ್ರಯಾಣ ಮೊದಲು ಕಡಲಿನದು. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಆ ಕಾಲದ ಸಾಕ್ಷಿ. ಹೋಟೆಲು ಕೆಲಸ ಹುಡುಕಿ ಮುಂಬಯಿಗೆ ಹೊರಟವರು ಹಡಗು ಹತ್ತುತ್ತಿದ್ದರು. ಮಳೆಗಾಲ ಬಂದರೆ ಆ ದಾರಿಯೂ ಮುಚ್ಚುತ್ತಿತ್ತು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಜ್ಪೆಗೆ ಬಂದಿಳಿದು ನಿಲ್ದಾಣವನ್ನು ಉದ್ಘಾಟಿಸಿದರು. ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದ ಅಂಥ ವಿಮಾನಕ್ಕೆ 710 ಕಿ.ಮೀ. ದೂರದ ಮುಂಬಯಿ ಎರಡೂವರೆ ಗಂಟೆಯ ದಾರಿ. ಆದರೆ ಬಹುಪಾಲು ಜನರಿಗೆ ಬಸ್ಸೇ ಗತಿಯಾಗಿತ್ತು.

ಮುಂದೆ ಗಲ್ಫ್ ಕರೆಯಿತು. ಗುಡ್ಡದ ನೆತ್ತಿಯನ್ನು ಮಟ್ಟ ಮಾಡಿ ಕಟ್ಟಿದ ಬಜ್ಪೆಯ ಹಳೆಯ ರನ್‌ವೇ ಸುಮಾರು 1,600 ಮೀಟರ್, ಅದರಾಚೆ ಕಣಿವೆ. ವಿಮಾನದ ಭಾರ ಹೆಚ್ಚಿದಷ್ಟೂ ಮೇಲೇಳಲು ಹೆಚ್ಚು ಓಟ ಬೇಕು. ದೂರದ ಹಾರಾಟಕ್ಕೆ ಇಂಧನವೂ ಪ್ರಯಾಣಿಕರೂ ತುಂಬಿದ ಜೆಟ್‌ಗೆ ಅಷ್ಟು ಉದ್ದ ಸಾಲದು. ಹಾಗಾಗಿ ದುಬೈಗೆ ಹೊರಟ ಕಾರ್ಕಳದ ಹುಡುಗ ಮೊದಲು ಮುಂಬಯಿ ಮುಟ್ಟಬೇಕಿತ್ತು. ಅದು ಒಂದು ರಾತ್ರಿ ಕಳೆದರೂ ಮುಗಿಯದ ಬಸ್ ಪ್ರಯಾಣ. 1998ರಲ್ಲಿ ಕೊಂಕಣ ರೈಲು ಅದನ್ನು ಹಗುರ ಮಾಡಿತು. ಆದರೂ ದಾರಿ ಮುಂಬಯಿ ಮೇಲೆಯೇ.

2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂತು. ಅದೇ ಅಕ್ಟೋಬರಿನಲ್ಲಿ ದುಬೈಗೆ ನೇರ ವಿಮಾನ ಹಾರಿತು. ಕಾರ್ಕಳದವರು ಮೂಡುಬಿದಿರೆ ದಾರಿಯಾಗಿ, ಉಡುಪಿ-ಮಣಿಪಾಲದವರು ಕಾಪು, ಪಡುಬಿದ್ರಿ ದಾಟಿ ನಿಲ್ದಾಣ ಸೇರಿದರೆ ಸಾಕಾಯಿತು. ಊರಲ್ಲಿ ಊಟ ಮುಗಿಸಿ ಹೊರಟವರು ಅದೇ ದಿನ ದುಬೈಯಲ್ಲಿ. ಮದುವೆಗೆ, ಸಾವಿಗೆ, ಕೋಲಕ್ಕೆ ಊರಿಗೆ ಬರುವುದು ಸಲೀಸಾಯಿತು.

2010ರ ಮೇ 22. ಬೆಳಿಗ್ಗೆ ಆರು ಗಂಟೆ ಕಳೆದ ಕೆಲವೇ ನಿಮಿಷ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812 ಸಂಖ್ಯೆಯ ವಿಮಾನ ರನ್‌ವೇಯ ಸುಮಾರು 1,600 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಹಳೆಯ ರನ್‌ವೇಯ ಪೂರ್ತಿ ಉದ್ದದಷ್ಟು ಜಾಗ ಅಷ್ಟರಲ್ಲಿ ಕೈತಪ್ಪಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಆ ಮಾತಿಗೆ ಮುಖ್ಯ ಪೈಲಟ್ ಕಿವಿಗೊಡದದ್ದನ್ನೂ, ಹಾರಾಟದ ನಡುವೆ ಅವರು ಬಹಳ ಹೊತ್ತು ನಿದ್ರಿಸಿದ್ದನ್ನೂ ತನಿಖೆ ಗುರುತಿಸಿತು. ವಿಮಾನ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ ಉಳಿದವರು 8 ಮಂದಿ.

ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಬರುವಾಗ ಕೂಳೂರು ಸಿಗುತ್ತದೆ. ಆ 158 ಜನರ ನೆನಪಿನ ಉದ್ಯಾನ ಅಲ್ಲೇ ಹತ್ತಿರದಲ್ಲಿದೆ. ಕೊನೆಗೂ ಗುರುತು ಸಿಗದವರು ಅವರಲ್ಲಿದ್ದಾರೆ. ಮೂರೂವರೆ ಗಂಟೆಯ ಹಾರಾಟದ ಚರಿತ್ರೆ ಬರೆಯುವವರು ಅಲ್ಲಿಗೂ ಒಮ್ಮೆ ಹೋಗಿಬರಬೇಕು.