ಸಂಸ್ಕೃತಿ-ಆಘಾತ: ಆಸ್ಟ್ರೇಲಿಯದ ಬ್ರಿಟಿಷ್ ವಲಸೆಗಾರರು

ಚಿರಪರಿಚಿತವಾದ ನಡೆನುಡಿಗಳೂ ಸಂಕೇತಗಳೂ ಒಮ್ಮೆಲೇ ಮರೆಯಾದ ಪರದೇಶದಲ್ಲಿ ವಲಸೆಗಾರನ ಚಿತ್ತವನ್ನು ಆವರಿಸುವ ವ್ಯಾಕುಲತೆಗೆ ಸಂಸ್ಕೃತಿ-ಆಘಾತವೆಂದು ಹೆಸರು. 1954ರಲ್ಲಿ ರಿಯೊ ಡಿ ಜನೈರೊ ನಗರದ ಉಪನ್ಯಾಸವೊಂದರಲ್ಲಿ ಇದನ್ನು ವಿಶದವಾಗಿ ನಿರೂಪಿಸಿದವನು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. ಭಾಷೆಯೊಂದೇ ಆದರೆ ಈ ಬಾಧೆಯಿಲ್ಲವೆಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ, ಎರಡನೆಯ ಮಹಾಯುದ್ಧಾನಂತರ ವಯಸ್ಕರೊಬ್ಬರಿಗೆ ಕೇವಲ 10 ಪೌಂಡುಗಳನ್ನು ತೆತ್ತು ಆಸ್ಟ್ರೇಲಿಯಕ್ಕೆ ಹಡಗೇರಿದ ಬ್ರಿಟಿಷ್ ಕುಟುಂಬಗಳೇ ನಿದರ್ಶನ. ತಮ್ಮದೇ ನುಡಿ, ತಮ್ಮದೇ ರಾಜಮನೆತನ, ತಮ್ಮದೇ ಕ್ರಿಕೆಟ್ಟು ಉಳ್ಳ ನಾಡೆಂಬ ಭರವಸೆಯಿಂದ ಇಳಿದವರಿಗೆ ಕ್ರಿಸ್‌ಮಸ್ ಬಿರುಬೇಸಗೆಯಲ್ಲಿ ಎದುರಾಯಿತು. ತಗಡು ಹೊದಿಸಿದ, ಕಮಾನಿನಾಕಾರದ ನಿಸ್ಸೆನ್ ಗುಡಿಸಲೇ ಹಲವರಿಗೆ ಮೊದಲ ಮನೆಯಾಯಿತು. ಔತಣಕ್ಕೆ ‘ತಟ್ಟೆಯೊಂದನ್ನು ತನ್ನಿ’ ಎಂದರೆ ಹಂಚಿ ತಿನ್ನಲು ತಿನಿಸು ತುಂಬಿದ ತಟ್ಟೆಯೆಂದು ಅಲ್ಲಿಯ ರೂಢಾರ್ಥ. ಅದನ್ನರಿಯದೆ ಬರಿಯ ತಟ್ಟೆ ಹಿಡಿದು ಹೋದವರೂ ಉಂಟು. ಪ್ರಸಂಗ ಅಲ್ಪವೇ ಸರಿ. ಆದರೆ ಅನ್ಯಭಾಷಿಕನ ತಪ್ಪನ್ನು ಅಜ್ಞಾನವೆಂದು ಮನ್ನಿಸುವ ಜನ ಸಮಭಾಷಿಕನ ತಪ್ಪನ್ನು ಅಹಂಕಾರವೆಂದೆಣಿಸುವುದು ಸುಲಭವಾದುದರಿಂದ, ಇಂತಹ ಆಘಾತವು ಗೋಚರಿಸದೆಯೇ ಆಳಕ್ಕಿಳಿಯುತ್ತದೆ. ಕಷ್ಟವನ್ನು ತೋಡಿಕೊಂಡವರಿಗೆ ‘ಗೊಣಗುವ ಪಾಮ್’ (ಪಾಮ್ ಎಂದರೆ ಆಸ್ಟ್ರೇಲಿಯನರ ಆಡುಮಾತಿನಲ್ಲಿ ಬ್ರಿಟಿಷನು) ಎಂಬ ಅಡ್ಡಹೆಸರು ಬಿದ್ದಿತು. ಎರಡು ವರ್ಷ ತುಂಬುವ ಮೊದಲೇ ಮರಳಬಯಸಿದವರು ಸರ್ಕಾರ ಭರಿಸಿದ್ದ ಪ್ರಯಾಣವೆಚ್ಚವನ್ನು ಹಿಂದಿರುಗಿಸಬೇಕಾಗಿದ್ದುದರಿಂದ ಅನೇಕರ ಮನೆಗೊರಗು ಮೌನದಲ್ಲಿಯೇ ಕಳೆಯಿತು. ಬಂದವರಲ್ಲಿ ಸುಮಾರು ಕಾಲುಭಾಗದಷ್ಟು ಜನ ಕಡೆಗೆ ತಾಯ್ನಾಡಿಗೆ ಹಿಂದಿರುಗಿದರು. ಅವರಲ್ಲಿಯೂ ಹಲವರು, ಬಿಟ್ಟುಹೋದ ಊರು ತಮಗಾಗಿ ಕಾದಿರದುದನ್ನು ಕಂಡು, ಮತ್ತೊಮ್ಮೆ ಆಸ್ಟ್ರೇಲಿಯವನ್ನು ಸೇರಿದರು.